ಸೂರ್ಯನ ಇಂಧನ, ಬೆಂಕಿಯ ಕಾವಲು: ಸಂಶೋಧನೆಗೆ ಹಣ ಮಂಜೂರು ಮಾಡುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಕಚೇರಿ ಯಾವ ದೇಶದಲ್ಲೇ ಇರಲಿ, ಫೈಲುಗಳ ಕಪಾಟು ಮಾತ್ರ ಎಲ್ಲ ಕಡೆ ಒಂದೇ ತರ. ಬಿಸಿಲಿನಿಂದ ಇಂಧನ ಮಾಡುವ ಸಂಶೋಧನೆಯ ಅರ್ಜಿ ಬಂದರೆ ಅದು ಶಕ್ತಿ ವಿಭಾಗಕ್ಕೆ ಹೋಗುತ್ತದೆ. ಬೆಂಕಿ ಅನಾಹುತ ತಡೆಯುವ ಅರ್ಜಿ ಸುರಕ್ಷತೆ ವಿಭಾಗಕ್ಕೆ ಹೋಗುತ್ತದೆ. ಓದುವವರು ಬೇರೆ, ಬಜೆಟ್ ಬೇರೆ, ವರ್ಷದ ಕೊನೆಗೆ ಕೇಳುವ ಲೆಕ್ಕವೂ ಬೇರೆ. ಆದರೆ ಎರಡಕ್ಕೂ ಬುಡದಲ್ಲಿ ನಡೆಯಬೇಕಾದ ಕೆಲಸ ಒಂದೇ. 800, 1000, 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಯಾವ ವಸ್ತು ಆಕ್ಸಿಜನ್ ಬಿಟ್ಟುಕೊಡುತ್ತದೆ, ಯಾವುದು ಕಿತ್ತುಕೊಳ್ಳುತ್ತದೆ, ಎಷ್ಟು ಬೇಗ, ಎಷ್ಟು ಶಾಖ ಉಗುಳಿ? ಇದನ್ನು ಅಳೆಯುವ ಕೆಲಸಕ್ಕೆ ನಿಮ್ಮ ಕಪಾಟಿನಲ್ಲಿ ಫೈಲೇ ಇಲ್ಲ. ಒಂದು ತೆರೆಯಿರಿ ಅಂತ ಕೇಳುವುದಕ್ಕೇ ಈ ಪತ್ರ.

ನಾನು ಹೈ-ಟೆಂಪರೇಚರ್ ಕೆಮಿಸ್ಟ್ರಿಯಲ್ಲಿ ಕೆಲಸ ಮಾಡುವವನು. ನಮ್ಮದೊಂದು ಅರ್ಜಿ ಶಕ್ತಿ ವಿಭಾಗದಿಂದ "ಇದು ಸುರಕ್ಷತೆಗೆ ಸೇರಿದ್ದು" ಅನ್ನುವ ಷರಾ ಹೊತ್ತು ವಾಪಸ್ ಬಂತು. ಸುರಕ್ಷತೆಯವರು "ಇದು ಮೂಲಭೂತ ಸಂಶೋಧನೆ, ಅಲ್ಲಿಗೆ ಕಳಿಸಿ" ಅಂದರು. ಮೂಲಭೂತದವರು "ಇದರಲ್ಲಿ ಹೊಸದೇನಿದೆ, ಬರೀ ಅಳತೆ ಅಲ್ವಾ?" ಅಂತ ಕೇಳಿದರು. ಪರಿಶೀಲಕರ ಮೇಲೆ ನನಗೆ ಸಿಟ್ಟಿಲ್ಲ. ಅವರವರ ನಿಯಮದ ಪ್ರಕಾರ ಮೂವರೂ ಹೇಳಿದ್ದು ಸರಿಯೇ. ನಿಯಮ ಬರೆದವರು ನೀವು, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮಾತು ಹಳೆಯ ಪ್ರಯೋಗವೊಂದರಿಂದ ಶುರು ಮಾಡುತ್ತೇನೆ. 1780ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಲಾವೋಸಿಯೆ ಎಂಬ ರಸಾಯನಜ್ಞ ಕಬ್ಬಿಣದ ಬಂದೂಕಿನ ನಳಿಗೆಯೊಂದನ್ನು ಕೆಂಪಗೆ ಕಾಯಿಸಿ ಅದರೊಳಗೆ ನೀರಿನ ಆವಿ ಹಾಯಿಸಿದ. ಕಾದ ಕಬ್ಬಿಣ ಆವಿಯಲ್ಲಿದ್ದ ಆಕ್ಸಿಜನ್ ಹಿಡಿದುಕೊಂಡಿತು. ಇನ್ನೊಂದು ತುದಿಯಿಂದ ಹೈಡ್ರೋಜನ್ ಹೊರಬಂತು. ನೀರು ಮೂಲವಸ್ತುವಲ್ಲ, ಅದನ್ನು ಒಡೆಯಬಹುದು ಅನ್ನುವುದಕ್ಕೆ ಅವನಿಗೆ ಇದೇ ದೊಡ್ಡ ಸಾಕ್ಷಿಯಾಯಿತು.

ಇವತ್ತಿನ ಸೋಲಾರ್ ಇಂಧನದ ರಿಯಾಕ್ಟರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಕಬ್ಬಿಣದ ಬದಲು ಸೀರಿಯಂ ಎಂಬ ಲೋಹದ ಆಕ್ಸೈಡ್ ಇರುತ್ತದೆ. ನಮ್ಮ ನಡುವೆ ಅದಕ್ಕೆ ಸೀರಿಯಾ ಅನ್ನುತ್ತಾರೆ. ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಸೇರಿಸಿ ಸೀರಿಯಾವನ್ನು ಸುಮಾರು 1500 ಡಿಗ್ರಿಗೆ ಕಾಯಿಸಿದರೆ ಅದು ತನ್ನ ಆಕ್ಸಿಜನ್ನಿನಲ್ಲಿ ಒಂದಿಷ್ಟನ್ನು ಬಿಡುತ್ತದೆ. ಆಮೇಲೆ 900 ಡಿಗ್ರಿ ಆಸುಪಾಸಿಗೆ ಇಳಿಸಿ ನೀರಿನ ಆವಿ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ, ಕಳೆದುಕೊಂಡ ಆಕ್ಸಿಜನ್ನನ್ನು ಅವುಗಳಿಂದ ಕಿತ್ತುಕೊಳ್ಳುತ್ತದೆ. ಉಳಿಯುವುದು ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್. ಈ ಜೋಡಿಗೆ ಸಿನ್‌ಗ್ಯಾಸ್ ಅಂತ ಹೆಸರು. ಇದರಿಂದ ಮೆಥನಾಲ್ ಮಾಡಬಹುದು, ಸೀಮೆಎಣ್ಣೆ ಮಾಡಬಹುದು, ವಿಮಾನ ಹಾರಿಸಬಹುದು. ಸೀರಿಯಾ ಖರ್ಚಾಗುವುದಿಲ್ಲ, ಮತ್ತೆ ಕಾಯಿಸಿದರೆ ಮತ್ತೆ ಅದೇ ಆಟ.

ಈಗ ಅದೇ ರಿಯಾಕ್ಷನ್ ಬೇಡದ ಜಾಗದಲ್ಲಿ ನಡೆದರೆ ಏನಾಗುತ್ತದೆ ನೋಡಿ. 2011ರ ಮಾರ್ಚ್‌ನಲ್ಲಿ ಫುಕುಶಿಮಾದ ಅಣು ರಿಯಾಕ್ಟರ್‌ಗಳಲ್ಲಿ ತಣಿಸುವ ನೀರು ನಿಂತಿತು. ಯುರೇನಿಯಂ ಇಂಧನದ ಸುತ್ತ ಇದ್ದದ್ದು ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳು. ಅವು ಕಾದು, ಸುತ್ತಲಿನ ಆವಿಯಿಂದ ಆಕ್ಸಿಜನ್ ಕಿತ್ತುಕೊಂಡವು. 1200 ಡಿಗ್ರಿ ದಾಟಿದ ಮೇಲೆ ಈ ಕೆಲಸ ತುಂಬ ಜೋರಾಗಿ ನಡೆಯುತ್ತದೆ. ಜೊತೆಗೆ ತಾನೇ ಶಾಖ ಹುಟ್ಟಿಸಿಕೊಂಡು ಇನ್ನಷ್ಟು ಜೋರಾಗುತ್ತದೆ. ಹುಟ್ಟಿದ ಹೈಡ್ರೋಜನ್ ಕಟ್ಟಡದ ಮೇಲ್ಭಾಗದಲ್ಲಿ ಸೇರಿಕೊಂಡಿತು. ಮಾರ್ಚ್ 12ಕ್ಕೆ ಒಂದನೇ ಘಟಕ, 14ಕ್ಕೆ ಮೂರನೇ ಘಟಕ, 15ಕ್ಕೆ ನಾಲ್ಕನೇ ಘಟಕದ ಕಟ್ಟಡ ಸ್ಫೋಟಿಸಿದವು. ಲಾವೋಸಿಯೆ ಕಂಡ ರಿಯಾಕ್ಷನ್ನೇ ಅದು. ಲೋಹ ಬೇರೆ, ಅಷ್ಟೇ.

ಉರಿಯುವ ಮೆಗ್ನೀಸಿಯಂ ಮೇಲೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹೊಡೆಯಬಾರದು ಅಂತ ಅಗ್ನಿಶಾಮಕ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಬೆಂಕಿ ಆರಿಸಬೇಕಾದ ಅನಿಲದಿಂದಲೇ ಮೆಗ್ನೀಸಿಯಂ ಆಕ್ಸಿಜನ್ ಕಿತ್ತುಕೊಂಡು, ಕಪ್ಪು ಕಾರ್ಬನ್ ಉಗುಳಿ, ಉರಿಯುತ್ತಲೇ ಇರುತ್ತದೆ. ಸೋಲಾರ್ ರಿಯಾಕ್ಟರ್‌ನಲ್ಲಿ ಇದಕ್ಕೆ ಕಾರ್ಬನ್ ಡೈಆಕ್ಸೈಡ್ ಒಡೆಯುವುದು ಅಂತ ಕರೆದು ಪೇಪರ್ ಬರೆಯುತ್ತೇವೆ. ಬೆಂಕಿ ಬಿದ್ದ ಕಾರ್ಖಾನೆಯಲ್ಲಿ ಇದಕ್ಕೆ ಅನಾಹುತ ಅನ್ನುತ್ತೇವೆ.

ಇದು ಆಕ್ಸಿಜನ್ ಕಿತ್ತುಕೊಳ್ಳುವ ಕಡೆಯ ಕತೆ. ಬಿಟ್ಟುಕೊಡುವ ಕಡೆಯದೂ ಹಾಗೇ ಇದೆ. ಸೀರಿಯಾ ಕಾದಾಗ ಆಕ್ಸಿಜನ್ ಬಿಡುತ್ತದೆ ಅಂದೆನಲ್ಲ. ಲಿಥಿಯಂ ಬ್ಯಾಟರಿಯೊಳಗೂ ಒಂದು ಲೋಹದ ಆಕ್ಸೈಡ್ ಇರುತ್ತದೆ: ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಪದರ ಪದರದ ಕ್ಯಾಥೋಡ್, ಅಂದರೆ ಬ್ಯಾಟರಿಯ ಪ್ಲಸ್ ತುದಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದು, ಒಳಗೆಲ್ಲೋ ಶಾರ್ಟ್ ಆಗಿ ಬಿಸಿ ಏರಿತು ಅಂದುಕೊಳ್ಳಿ. ಸುಮಾರು 200 ಡಿಗ್ರಿ ಆಸುಪಾಸಿನಲ್ಲಿ ಆ ಆಕ್ಸೈಡ್ ಒಡೆದು ಆಕ್ಸಿಜನ್ ಬಿಡಲು ಶುರು ಮಾಡುತ್ತದೆ. ನಿಕಲ್ ಜಾಸ್ತಿ ಇದ್ದಷ್ಟೂ ಇದು ಬೇಗ. ಪಕ್ಕದಲ್ಲೇ ಉರಿಯುವ ಎಲೆಕ್ಟ್ರೋಲೈಟ್ ದ್ರವ ಇದೆ. ಹೊರಗಿನ ಗಾಳಿಯನ್ನು ತಡೆದರೂ ಬ್ಯಾಟರಿ ಒಳಗೊಳಗೇ ಕುದಿಯುವುದು ನಿಲ್ಲುವುದಿಲ್ಲ. ತಣ್ಣಗೆ ಮಾಡಬೇಕು, ಅದಕ್ಕೇ ಅಷ್ಟೊಂದು ನೀರು ಸುರಿಯುವುದು. ಕಬ್ಬಿಣದ ಫಾಸ್ಫೇಟ್ ಇರುವ ಬ್ಯಾಟರಿ ಈ ವಿಷಯದಲ್ಲಿ ವಾಸಿ. ಅಲ್ಲಿ ಫಾಸ್ಫರಸ್ ಆಕ್ಸಿಜನ್ನನ್ನು ಗಟ್ಟಿಯಾಗಿ ಹಿಡಿದಿರುತ್ತದೆ.

ಸೋಲಾರ್ ರಸಾಯನಜ್ಞನಿಗೆ ಆದಷ್ಟು ಕಡಿಮೆ ಶಾಖದಲ್ಲಿ, ಆದಷ್ಟು ಜಾಸ್ತಿ ಆಕ್ಸಿಜನ್ ಬಿಡುವ ಆಕ್ಸೈಡ್ ಬೇಕು. ಬ್ಯಾಟರಿ ಬೆಂಕಿ ತಡೆಯುವವನಿಗೆ ಎಷ್ಟು ಕಾಯಿಸಿದರೂ ಬಿಡದ ಆಕ್ಸೈಡ್ ಬೇಕು. ಇಬ್ಬರೂ ನೋಡುವುದು ಒಂದೇ ಗ್ರಾಫ್. ಒಬ್ಬ ಅದರ ಆ ತುದಿ ನೋಡುತ್ತಾನೆ, ಇನ್ನೊಬ್ಬ ಈ ತುದಿ. ಒಬ್ಬ ಕೈಬಿಟ್ಟ ವಸ್ತುವಿನ ಅಂಕಿಅಂಶ ಇನ್ನೊಬ್ಬನ ಕೆಲಸಕ್ಕೆ ಬರಬಹುದು. ಆದರೆ ಕೈಬಿಟ್ಟ ವಸ್ತುವಿನ ಅಂಕಿ ಯಾರೂ ಪ್ರಕಟಿಸುವುದಿಲ್ಲ. "ಕೆಲಸ ಮಾಡಲಿಲ್ಲ" ಅಂತ ವರದಿ ಬರೆದರೆ ಮುಂದಿನ ಕಂತು ಬರುವುದಿಲ್ಲ ಅನ್ನುವ ಭಯ. ಈ ಭಯ ನೀವು ಹುಟ್ಟಿಸಿದ್ದು.

ಸೋಲಾರ್ ಇಂಧನದ ಬಗ್ಗೆ ನಾನು ಬಣ್ಣ ಬಳಿದು ಮಾತಾಡುವುದಿಲ್ಲ. ಇದು ಇನ್ನೂ ಎಳೆಯ ತಂತ್ರಜ್ಞಾನ. ಜೂರಿಚ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಆಲ್ಡೋ ಸ್ಟೈನ್‌ಫೆಲ್ಡ್ ತಂಡ 2017ರಲ್ಲಿ ಒಂದು ಸಣ್ಣ ರಿಯಾಕ್ಟರ್‌ನಲ್ಲಿ ಬಿಸಿಲಿನ ಶಕ್ತಿಯ ಶೇ. 5.25ರಷ್ಟನ್ನು ಇಂಧನಕ್ಕೆ ಇಳಿಸಿ ತೋರಿಸಿತು. ಅದೇ ತಂಡ ಕಟ್ಟಡವೊಂದರ ಮೇಲೆ ಇಟ್ಟ ಘಟಕ ಗಾಳಿಯಿಂದಲೇ ನೀರನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರಿ ಇಂಧನ ಮಾಡಿತು. ದಿನಪೂರ್ತಿ ನಡೆದರೆ 32 ಮಿಲಿಲೀಟರ್ ಮೆಥನಾಲ್. ಆಮೇಲೆ ಸ್ಪೇನ್‌ನ ಮೋಸ್ಟೊಲೆಸ್‌ನಲ್ಲಿ 169 ಕನ್ನಡಿಗಳ ಸೋಲಾರ್ ಗೋಪುರದ ಮೇಲೆ 50 ಕಿಲೋವಾಟ್ ರಿಯಾಕ್ಟರ್ ನಡೆಸಿ 2022ರಲ್ಲಿ ವರದಿ ಮಾಡಿದಾಗ ದಕ್ಷತೆ ಶೇ. 4.1. ಪ್ಯಾನೆಲ್‌ನಿಂದ ಕರೆಂಟ್ ಮಾಡಿ ಆ ಕರೆಂಟ್‌ನಿಂದ ನೀರು ಒಡೆಯುವ ದಾರಿ ಇದಕ್ಕಿಂತ ಮುಂದಿದೆ. ಇದನ್ನು ಮುಚ್ಚಿಟ್ಟು ನಿಮ್ಮ ಹತ್ತಿರ ಹಣ ಕೇಳುವುದು ಸರಿಯಲ್ಲ.

ಹಾಗಾದರೆ ಯಾಕೆ ಇಷ್ಟು ಕಡಿಮೆ? ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ. ಒಂದು ಕಿಲೋ ಸೀರಿಯಾ 1500 ಡಿಗ್ರಿಯಲ್ಲಿ, ಸುತ್ತ ಆಕ್ಸಿಜನ್ ತೀರಾ ಕಡಿಮೆ ಇದ್ದಾಗ, ಬಿಡುವುದು ಮೂರು ಗ್ರಾಂ ಹತ್ತಿರದ ಆಕ್ಸಿಜನ್. ಅದನ್ನು ಆವಿಯಿಂದ ವಾಪಸ್ ತುಂಬಿಸಿದರೆ ಸಿಗುವ ಹೈಡ್ರೋಜನ್ ಒಂದು ಗ್ರಾಂನ ಮೂರನೇ ಒಂದು ಪಾಲು. ಅದರಲ್ಲಿರುವ ಶಕ್ತಿ ಸುಮಾರು 50 ಕಿಲೋಜೂಲ್. ಆದರೆ ಆ ಒಂದು ಕಿಲೋ ಸೀರಿಯಾವನ್ನು 900ರಿಂದ 1500ಕ್ಕೆ ಏರಿಸುವುದಕ್ಕೇ 270 ಕಿಲೋಜೂಲ್‌ಗೂ ಜಾಸ್ತಿ ಬೇಕು. ಪ್ರತಿ ಸುತ್ತಿಗೂ ಹೀಗೇ. ಒಂದು ಲೋಟ ಬಿಸಿನೀರಿಗೆ ಹಂಡೆ ತುಂಬ ಕಾಯಿಸಿದ ಹಾಗೆ. ಇಳಿಸುವಾಗ ಬಿಡುವ ಶಾಖವನ್ನು ಹಿಡಿದು ಮತ್ತೆ ಬಳಸದಿದ್ದರೆ ಅದೆಲ್ಲ ದಂಡ.

ಇದಕ್ಕೆ ಎರಡೇ ದಾರಿ. ಒಂದು, ಶಾಖ ಹಿಡಿದಿಡುವುದು. ಇನ್ನೊಂದು, ಸೀರಿಯಾಗಿಂತ ಒಳ್ಳೆಯ ಆಕ್ಸೈಡ್ ಹುಡುಕುವುದು. ಎರಡನೆಯದಕ್ಕೆ ಪೆರೋವ್‌ಸ್ಕೈಟ್ ಅನ್ನುವ ಹರಳುಗಳ ದೊಡ್ಡ ಕುಟುಂಬವೇ ಇದೆ. ಕೆಲವು ಸುಲಭವಾಗಿ ಆಕ್ಸಿಜನ್ ಬಿಡುತ್ತವೆ, ಆದರೆ ವಾಪಸ್ ತುಂಬಿಸಿಕೊಳ್ಳಲು ತಕರಾರು ಮಾಡುತ್ತವೆ. ಕಂಪ್ಯೂಟರ್‌ನಲ್ಲಿ ಸಾವಿರಾರು ಹರಳುಗಳನ್ನು ಲೆಕ್ಕ ಹಾಕಿ ಜರಡಿ ಹಿಡಿಯಬಹುದು, ಹಿಡಿಯುತ್ತಿದ್ದಾರೆ ಕೂಡ. ಜರಡಿಯಲ್ಲಿ ಉಳಿದದ್ದು ನಿಜವಾಗಿ 1400 ಡಿಗ್ರಿಯಲ್ಲಿ ಏನು ಮಾಡುತ್ತದೆ ಅಂತ ತಿಳಿಯಬೇಕಾದರೆ ಯಾರೋ ಒಬ್ಬರು ಕುಲುಮೆ ಪಕ್ಕ ಕೂರಲೇಬೇಕು.

ಆ ಕೂರುವಿಕೆ ಹೇಗಿರುತ್ತದೆ ಅಂತ ನಿಮ್ಮಲ್ಲಿ ಹೆಚ್ಚಿನವರು ನೋಡಿರಲಿಕ್ಕಿಲ್ಲ. ಬೆರಳ ತುದಿಯಲ್ಲಿ ಕೂರುವಷ್ಟು ಚಿಕ್ಕ ಬಟ್ಟಲು. ಅದರೊಳಗೆ 50 ಮಿಲಿಗ್ರಾಂ ಪುಡಿ. ಬಟ್ಟಲು ಸೂಕ್ಷ್ಮ ತಕ್ಕಡಿಯೊಂದರಿಂದ ಕುಲುಮೆಯೊಳಗೆ ನೇತಾಡುತ್ತಿರುತ್ತದೆ. ಕಾದಾಗ ಪುಡಿ ಕಳೆದುಕೊಳ್ಳುವ ತೂಕ ಒಂದು ಮಿಲಿಗ್ರಾಂನ ಏಳನೇ ಒಂದು ಪಾಲಿನಷ್ಟು. ಇನ್ನು ಕಾದ ಅನಿಲ ಹಗುರವಾಗುತ್ತದಲ್ಲ, ಅದರಿಂದಲೂ ತಕ್ಕಡಿ ಸುಮ್ಸುಮ್ನೆ ಏರಿಳಿಯುತ್ತದೆ. ಹಾಗಾಗಿ ಮೊದಲು ಖಾಲಿ ಬಟ್ಟಲನ್ನೇ ಪೂರ್ತಿ ಕಾಯಿಸಿ ಇಳಿಸಿ ಆ ಸುಳ್ಳು ತೂಕ ಎಷ್ಟು ಅಂತ ಗುರುತು ಹಾಕಿಕೊಳ್ಳಬೇಕು. ಕುಲುಮೆಯ ಸೆರಾಮಿಕ್ ಕೊಳವೆ ಬೇಗ ಕಾಯಿಸಿದರೆ ಬಿರುಕು ಬಿಡುತ್ತದೆ. ನಿಮಿಷಕ್ಕೆ 5 ಡಿಗ್ರಿ ಏರಿಸಿದರೆ 1500 ಮುಟ್ಟಲು ಐದು ಗಂಟೆ. ಇಳಿಯಲು ಅಷ್ಟೇ, ಇಲ್ಲವೇ ಜಾಸ್ತಿ.

ಬಟ್ಟಲೂ ಸುಮ್ಮನಿರುವುದಿಲ್ಲ. ಅಗ್ಗದ ಅಲ್ಯುಮಿನಾ ಬಟ್ಟಲಿಗೆ ಸೀರಿಯಾ ಹಾಕಿ ಆಕ್ಸಿಜನ್ ಇಲ್ಲದೆ ಅಷ್ಟು ಕಾಯಿಸಿದರೆ ಎರಡೂ ಸೇರಿ ಬೇರೆಯೇ ಸಂಯುಕ್ತವಾಗುತ್ತವೆ. ಅಳೆಯಲು ಹೊರಟದ್ದೇ ಅಲ್ಲಿ ಇರುವುದಿಲ್ಲ. ಪ್ಲಾಟಿನಂ ಬಟ್ಟಲು ಬೇಕು, ಅದರ ಬೆಲೆ ನೋಡಿ ನಿಮ್ಮ ಲೆಕ್ಕಪರಿಶೋಧಕರು ಹುಬ್ಬೇರಿಸುತ್ತಾರೆ.

ಎಲ್ಲಕ್ಕಿಂತ ತಲೆನೋವು ಟೆಂಪರೇಚರ್ ಅಳೆಯುವುದು. ರಿಯಾಕ್ಟರ್ ದೊಡ್ಡದಾದರೆ ಕಿಟಕಿಯಿಂದ ಹೊರಬರುವ ಹೊಳಪು ನೋಡಿ ಶಾಖ ಅಂದಾಜು ಮಾಡುವ ಪೈರೋಮೀಟರ್ ಬಳಸುತ್ತೇವೆ. ಸೀರಿಯಾ ಮೊದಲು ತಿಳಿ ಹಳದಿ ಇರುತ್ತದೆ. ಆಕ್ಸಿಜನ್ ಹೋದಂತೆ ಕಡು ನೀಲಿ, ಆಮೇಲೆ ಕಪ್ಪು. ಬಣ್ಣ ಬದಲಾದರೆ ಅದೇ ಶಾಖದಲ್ಲಿ ಹೊಳಪೂ ಬದಲಾಗುತ್ತದೆ. ಅಂದರೆ ರಿಯಾಕ್ಷನ್ ಮುಂದುವರಿದಂತೆ ಶಾಖ ಅಳೆಯುವ ಉಪಕರಣವೇ ದಾರಿ ತಪ್ಪುತ್ತದೆ. ಬೆಂಕಿ ಪರೀಕ್ಷೆ ಮಾಡುವವರಿಗೂ ಇದೇ ಗೋಳು. ಉರಿಯುವ ಕೋಣೆಯಲ್ಲಿ ಶಾಖ ಅಳೆಯುವ ಬರಿ ತಂತಿಯ ಥರ್ಮೋಕಪಲ್ ನೇತುಹಾಕಿದರೆ, ಸುತ್ತಲಿನ ಜ್ವಾಲೆಯ ಮತ್ತು ಗೋಡೆಯ ವಿಕಿರಣ ಅದರ ಮೇಲೆ ಬಿದ್ದು ಗಾಳಿಯ ಶಾಖದ ಬದಲು ಇನ್ನೇನನ್ನೋ ತೋರಿಸುತ್ತದೆ. ಎರಡೂ ಗುಂಪಿನವರು ಇದಕ್ಕೆ ಪರಿಹಾರ ಹುಡುಕಿಕೊಂಡಿದ್ದಾರೆ, ಬೇರೆ ಬೇರೆಯಾಗಿ, ಬೇರೆ ಬೇರೆ ಸಮ್ಮೇಳನಗಳಲ್ಲಿ. ಒಂದೇ ಬೆಂಚಿನಲ್ಲಿ ಕೂತಿದ್ದರೆ ಎಷ್ಟು ಕೆಲಸ ಉಳಿಯುತ್ತಿತ್ತು!

ಇಂಥ ಅಳತೆಗೆ ಬೆಲೆ ಇದೆಯಾ ಅಂತ ಕೇಳುವವರಿಗೆ ಬೇಕರ್ ಮತ್ತು ಜಸ್ಟ್ ಅವರ ಹೆಸರು ಹೇಳುತ್ತೇನೆ. ಕಾದ ಜಿರ್ಕೋನಿಯಂ ಆವಿಯನ್ನು ಎಷ್ಟು ವೇಗದಲ್ಲಿ ತಿನ್ನುತ್ತದೆ ಅಂತ ಅಮೆರಿಕದ ಅರ್ಗೋನ್ ಪ್ರಯೋಗಾಲಯದಲ್ಲಿ ಅಳೆದು 1962ರಲ್ಲಿ ವರದಿ ಬರೆದವರು ಅವರು. ಆ ಸೂತ್ರ ಅಮೆರಿಕದ ಅಣುಸ್ಥಾವರ ನಿಯಮದ ಪಠ್ಯದಲ್ಲೇ ಸೇರಿಕೊಂಡಿತು, ಇವತ್ತಿಗೂ ಇದೆ. ಇನ್ನಷ್ಟು ನಿಖರವಾದ ಅಳತೆ 1977ರಲ್ಲಿ ಅಮೆರಿಕದ್ದೇ ಓಕ್ ರಿಡ್ಜ್ ಪ್ರಯೋಗಾಲಯದಿಂದ ಬಂತು. ಒಂದು ರಿಯಾಕ್ಟರ್‌ನಲ್ಲಿ ತಣಿಸುವ ನೀರು ನಿಂತರೆ ಎಷ್ಟು ಹೊತ್ತಿನಲ್ಲಿ ಎಷ್ಟು ಹೈಡ್ರೋಜನ್ ಹುಟ್ಟುತ್ತದೆ ಅಂತ ಯಾರಾದರೂ ಲೆಕ್ಕ ಹಾಕುವುದಾದರೆ ಇಂಥ ಅಳತೆಗಳ ಮೇಲೇ ಹಾಕಬೇಕು. ಇವತ್ತು ಅದೇ ಅರ್ಜಿ ಬಂದಿದ್ದರೆ "ಬರೀ ಅಳತೆ" ಅಂತ ವಾಪಸ್ ಹೋಗುತ್ತಿತ್ತು ಅನ್ನುವುದು ನನ್ನ ಅನುಮಾನ.

ಬೆಂಕಿ ಸುರಕ್ಷತೆಯ ಕಡೆಯಿಂದಲೂ ಒಂದು. 1917ರಲ್ಲಿ ಥಾರ್ನ್‌ಟನ್ ಎಂಬಾತ ಒಂದು ವಿಚಿತ್ರ ಗಮನಿಸಿದ. ಸಾವಯವ ವಸ್ತುಗಳು ಉರಿದಾಗ, ಕಿಲೋ ಇಂಧನಕ್ಕೆ ಎಷ್ಟು ಶಾಖ ಅಂತ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ತಾಳೆಯಿಲ್ಲ. ಖರ್ಚಾದ ಆಕ್ಸಿಜನ್‌ಗೆ ಎಷ್ಟು ಶಾಖ ಅಂತ ನೋಡಿದರೆ ಎಲ್ಲ ಹೆಚ್ಚುಕಡಿಮೆ ಒಂದೇ. 1980ರಲ್ಲಿ ಹಗೆಟ್ ಪ್ಲಾಸ್ಟಿಕ್, ಮರ ಎಲ್ಲ ಸೇರಿಸಿ ಲೆಕ್ಕ ಹಾಕಿ, ಒಂದು ಕಿಲೋ ಆಕ್ಸಿಜನ್‌ಗೆ 13.1 ಮೆಗಾಜೂಲ್, ವ್ಯತ್ಯಾಸ ಶೇ. 5ರಷ್ಟು ಅಂದ. ಈ ಒಂದು ಅಂಕಿಯ ಮೇಲೆ 1982ರಲ್ಲಿ ಕೋನ್ ಕ್ಯಾಲೊರಿಮೀಟರ್ ಹುಟ್ಟಿತು. ಹೊಗೆಯಲ್ಲಿ ಆಕ್ಸಿಜನ್ ಎಷ್ಟು ಕಡಿಮೆಯಾಯಿತು ಅಂತ ಅಳೆದರೆ ಸಾಕು, ಬೆಂಕಿಯ ಜೋರು ಗೊತ್ತಾಗುತ್ತದೆ. ಸೋಫಾದಿಂದ ಹಿಡಿದು ವಿಮಾನದ ಒಳಗೋಡೆವರೆಗಿನ ವಸ್ತುಗಳನ್ನು ಈ ಯಂತ್ರದಲ್ಲಿ ಉರಿಸಿ ನೋಡುತ್ತಾರೆ. ಇಲ್ಲೂ ಲೆಕ್ಕ ಆಕ್ಸಿಜನ್‌ನದ್ದೇ, ಗಮನಿಸಿ.

ಒಂದು ತಮಾಷೆ. ಈ ಯಂತ್ರದಲ್ಲಿ ವಸ್ತುವಿನ ಮೇಲೆ ಬೀಳಿಸುವ ಶಾಖ ಸಾಮಾನ್ಯವಾಗಿ ಚದರ ಮೀಟರ್‌ಗೆ 50 ಕಿಲೋವಾಟ್. ನೆತ್ತಿಯ ಬಿಸಿಲು ಒಂದು ಕಿಲೋವಾಟ್ ಅಂದುಕೊಂಡರೆ ಅದು 50 ಸೂರ್ಯರ ಸಮ. ಸೋಲಾರ್ ಗೋಪುರದವರು ಸಾವಿರಾರು ಸೂರ್ಯರ ಲೆಕ್ಕದಲ್ಲಿ ಮಾತಾಡುತ್ತಾರೆ, ಬೆಂಕಿಯವರು ಹತ್ತಾರರ ಲೆಕ್ಕದಲ್ಲಿ. ಉಪಕರಣ ಒಂದೇ ಆಗಬಹುದು, ಆಗಿಯೂ ಇದೆ. 1958ರಲ್ಲಿ ಅಮೆರಿಕದ ಸೇನೆ ನೇಟಿಕ್‌ನಲ್ಲಿ ಸೋಲಾರ್ ಕುಲುಮೆ ಕಟ್ಟಿದ್ದು ಇಂಧನಕ್ಕಲ್ಲ. ಅಣುಬಾಂಬಿನ ಝಳಕ್ಕೆ ಬಟ್ಟೆ, ವಸ್ತುಗಳು ಹೇಗೆ ಸುಡುತ್ತವೆ ಅಂತ ನೋಡುವುದಕ್ಕೆ. ಫ್ರಾನ್ಸ್‌ನ ಒಡೆಯೊದಲ್ಲಿ ಫೆಲಿಕ್ಸ್ ಟ್ರೋಂಬ್ ಕಟ್ಟಿಸಿದ ಒಂದು ಮೆಗಾವಾಟ್ ಸೋಲಾರ್ ಕುಲುಮೆ 3000 ಡಿಗ್ರಿ ದಾಟುತ್ತದೆ. ಇಂಥ ಕಡೆ ಬೆಂಕಿ ಸಂಶೋಧಕರಿಗೂ ವರ್ಷಕ್ಕೆ ಕೆಲವು ವಾರ ಮೀಸಲಿಟ್ಟರೆ ಏನು ನಷ್ಟ?

ಈಗ ಬೆಂಕಿ ಆರಿಸುವ ಅನಿಲವಾದ ಹ್ಯಾಲಾನ್ ವಿಷಯ. ಇದು ನಿಮಗೆ ನೇರವಾಗಿ ತಟ್ಟಬೇಕಾದ್ದು. ಹೈಡ್ರೋಜನ್ ಪರಮಾಣು ಆಕ್ಸಿಜನ್‌ಗೆ ಡಿಕ್ಕಿ ಹೊಡೆದರೆ ಒಂದರ ಬದಲು ಎರಡು ಚುರುಕು ತುಣುಕು ಹುಟ್ಟುತ್ತವೆ. ಅವು ಮತ್ತಷ್ಟನ್ನು ಹುಟ್ಟಿಸುತ್ತವೆ. ಜ್ವಾಲೆ ಓಡುವುದು ಹೀಗೆ. ಈ ಸರಪಳಿ ರಿಯಾಕ್ಷನ್‌ಗಳ ಕೆಲಸಕ್ಕೆ ಸೆಮೆನೋವ್ ಮತ್ತು ಹಿನ್ಶೆಲ್‌ವುಡ್ 1956ರ ನೊಬೆಲ್ ಪಡೆದರು. ಹ್ಯಾಲಾನ್ 1301ರಲ್ಲಿರುವ ಬ್ರೋಮಿನ್ ಆ ಹೈಡ್ರೋಜನ್ ಪರಮಾಣುಗಳನ್ನು ಒಂದೊಂದಾಗಿ ಹಿಡಿದು ಸುಮ್ಮನಾಗಿಸುತ್ತದೆ. ಅದಕ್ಕೇ ಅಷ್ಟು ಕಡಿಮೆ ಪ್ರಮಾಣದಲ್ಲೇ ಬೆಂಕಿ ಆರುತ್ತದೆ. ಆದರೆ ಅದೇ ಬ್ರೋಮಿನ್ ಮೇಲೆ ಹೋಗಿ ಓಝೋನ್ ಪದರವನ್ನೂ ತಿನ್ನುತ್ತದೆ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮುಂದುವರಿದ ದೇಶಗಳಲ್ಲಿ 1994ಕ್ಕೆ ತಯಾರಿ ನಿಂತಿತು.

ಬದಲಿ ಹುಡುಕಿದರು. ವಿಮಾನದ ಸರಕು ಕೋಣೆಗೆ ಅಂತ ಕೆಲವನ್ನು ಪರೀಕ್ಷಿಸಿದಾಗ ಆದದ್ದೇ ಬೇರೆ. ಪ್ರಮಾಣ ಸಾಕಷ್ಟು ಇಲ್ಲದಿದ್ದರೆ ಅವು ಸ್ಫೋಟದ ಒತ್ತಡವನ್ನು ಕಡಿಮೆ ಮಾಡುವ ಬದಲು ಏರಿಸಿದವು. ಬೆಂಕಿ ಆರಿಸುವ ವಸ್ತುವೇ ಅಲ್ಲಿ ಅರ್ಧ ಇಂಧನವಾಗಿತ್ತು. ಯಾಕೆ ಹೀಗೆ ಅಂತ ತಿಳಿದದ್ದು ಒಂದೊಂದು ಹೆಜ್ಜೆಯ ರಿಯಾಕ್ಷನ್ ವೇಗವನ್ನೂ ಸೇರಿಸಿ ಲೆಕ್ಕ ಹಾಕಿದ ಮೇಲೆ. ವಿಮಾನಗಳ ಸರಕು ಕೋಣೆಯಲ್ಲಿ ಇವತ್ತಿಗೂ ಹೆಚ್ಚಾಗಿ ಇರುವುದು ಆ ಹಳೇ ಹ್ಯಾಲಾನೇ.

ಆ ಒಂದೊಂದು ಹೆಜ್ಜೆಯ ವೇಗ ಎಲ್ಲಿಂದ ಬರುತ್ತದೆ? ಶಾಕ್ ಟ್ಯೂಬ್‌ನಲ್ಲಿ, ಅಂದರೆ ಆಘಾತದ ಅಲೆ ಹಾಯಿಸುವ ಕೊಳವೆಯಲ್ಲಿ, ಅನಿಲವನ್ನು ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಸಾವಿರಾರು ಡಿಗ್ರಿಗೆ ಏರಿಸಿ, ಲೇಸರ್ ಹಾಯಿಸಿ ಅಳೆಯುವವರಿಂದ. ಆ ಅಳತೆಗಳನ್ನು ಜೋಡಿಸಿ ಒಂದು ಪಟ್ಟಿ ಮಾಡುವವರಿಂದ. ನೈಸರ್ಗಿಕ ಅನಿಲ ಉರಿಯುವುದಕ್ಕೆ ಅಂಥ ಒಂದು ಪ್ರಸಿದ್ಧ ಪಟ್ಟಿ ಜಿಆರ್‌ಐ-ಮೆಕ್. ಅದರ 3.0 ಆವೃತ್ತಿ 1999ರಲ್ಲಿ ಬಂತು. 53 ರಾಸಾಯನಿಕಗಳು, 325 ರಿಯಾಕ್ಷನ್‌ಗಳು. ಆಮೇಲೆ ಪ್ರಾಯೋಜಕರ ಹಣ ನಿಂತಿತು, ಪಟ್ಟಿಯೂ ಅಲ್ಲಿಗೇ ನಿಂತಿತು. ಇವತ್ತಿಗೂ ಪ್ರಪಂಚದ ಮೂಲೆಮೂಲೆಯಲ್ಲಿ ವಿದ್ಯಾರ್ಥಿಗಳು ಅದನ್ನೇ ಡೌನ್‌ಲೋಡ್ ಮಾಡಿಕೊಂಡು ಲೆಕ್ಕ ಹಾಕುತ್ತಾರೆ. ಬೇರೆ ಗುಂಪುಗಳು ಹೊಸ ಪಟ್ಟಿಗಳನ್ನು ಮಾಡಿವೆ ನಿಜ, ಆದರೆ ಒಂದನ್ನು ಕಟ್ಟಿ ಬೆಳೆಸಿ ಹಾಗೇ ಬಿಟ್ಟುಬಿಡುವುದು ಎಂಥ ಲೆಕ್ಕಾಚಾರ ನೀವೇ ಹೇಳಿ. ಲೋಹ ಮತ್ತು ಆಕ್ಸೈಡ್‌ಗಳ ಶಾಖದ ಅಂಕಿಗಳಿಗೆ ನಾವೆಲ್ಲ ತಿರುವಿ ಹಾಕುವ ಜನಾಫ್ ಕೋಷ್ಟಕಗಳ ನಾಲ್ಕನೇ ಆವೃತ್ತಿ 1998ರದ್ದು.

ಗ್ರೆನ್‌ಫೆಲ್ ಗೋಪುರದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 2017ರ ಜೂನ್ 14ರಂದು ಲಂಡನ್‌ನ ಈ ಬಹುಮಹಡಿ ವಸತಿ ಕಟ್ಟಡಕ್ಕೆ ಬಿದ್ದ ಬೆಂಕಿಯಲ್ಲಿ 72 ಜನರ ಜೀವ ಹೋಯಿತು. ಹೊರಗೋಡೆಗೆ ಹೊದಿಸಿದ್ದ ಹಲಗೆಯ ಎರಡು ಅಲ್ಯುಮಿನಿಯಂ ಹಾಳೆಗಳ ನಡುವೆ ಇದ್ದದ್ದು ಪಾಲಿಎಥಿಲೀನ್. ಕಿಲೋ ಲೆಕ್ಕದಲ್ಲಿ ಅದು ಪೆಟ್ರೋಲ್‌ನಷ್ಟೇ ಶಾಖ ಕೊಡುತ್ತದೆ, 43 ಮೆಗಾಜೂಲ್ ಆಸುಪಾಸು. ಇದು ಯಾರಿಗೂ ಗೊತ್ತಿಲ್ಲದ ಗುಟ್ಟಾಗಿರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಂದ ವಿಚಾರಣಾ ವರದಿ, ಇಂಥ ಹಲಗೆ ಮತ್ತು ಇನ್ಸುಲೇಷನ್ ಮಾಡಿ ಮಾರಿದವರು ಪರೀಕ್ಷೆಗಳನ್ನೂ ಫಲಿತಾಂಶಗಳನ್ನೂ ತಿರುಚಿ ಮಾರುಕಟ್ಟೆಯನ್ನು ದಾರಿ ತಪ್ಪಿಸಿದರು ಅಂತ ಬಿಡಿಸಿ ಹೇಳಿತು. ಅಳತೆ ಇರುವುದು ಒಂದು, ಅದು ಎಲ್ಲರ ಕೈಗೆ ಸಿಗುವುದು ಇನ್ನೊಂದು. ಪರೀಕ್ಷೆಯ ಅಂಕಿ ಕಂಪನಿಯ ಬೀರುವಿನಲ್ಲಿ ಇದ್ದರೆ ಆರ್ಕಿಟೆಕ್ಟ್‌ಗೆ ಸಿಗುವುದು ಬರೀ ಸರ್ಟಿಫಿಕೇಟ್.

ಹೊಗೆಯ ವಿಷಯವೂ ಹಾಗೇ. ಬೆಂಕಿಯಲ್ಲಿ ಸಾಯುವವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಜ್ವಾಲೆಯಲ್ಲ, ಹೊಗೆ. ಅದರಲ್ಲಿ ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್, ಪಾಲಿಯುರಿಥೇನ್ ಫೋಮ್ ಇದ್ದರೆ ಹೈಡ್ರೋಜನ್ ಸೈನೈಡ್ ಕೂಡ. ಗಾಳಿ ಧಾರಾಳವಾಗಿ ಇದ್ದಾಗ ಉರಿಯುವ ವಸ್ತು ಕೊಡುವ ಕಾರ್ಬನ್ ಮಾನಾಕ್ಸೈಡ್ ಕಡಿಮೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದಾದಾಗ ಅದು ಹಲವು ಪಟ್ಟು ಏರುತ್ತದೆ. ಸಣ್ಣ ತುಂಡೊಂದನ್ನು ತೆರೆದ ಗಾಳಿಯಲ್ಲಿ ಉರಿಸಿ "ಹೊಗೆ ಪರವಾಗಿಲ್ಲ" ಅಂತ ಬರೆದುಕೊಡುವ ಪರೀಕ್ಷೆ ಈ ಸತ್ಯ ಹೇಳುವುದಿಲ್ಲ.

ಅದೇ ಕಾರ್ಬನ್ ಮಾನಾಕ್ಸೈಡ್ ಸೋಲಾರ್ ರಿಯಾಕ್ಟರ್‌ನಲ್ಲಿ ನಮಗೆ ಬೇಕಾದ ಸರಕು. ಜೊತೆಗೆ ಹೈಡ್ರೋಜನ್. ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಎಷ್ಟಿದ್ದರೂ ಅದು ಹೊತ್ತಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಕಿಡಿ ಸಾಕು. ಮುಂದೆ ಅದರಿಂದ ಮಾಡುವ ಮೆಥನಾಲ್‌ನ ಜ್ವಾಲೆ ಹಗಲಲ್ಲಿ ಕಾಣುವುದೇ ಇಲ್ಲ. ಮೆಥನಾಲ್‌ನಿಂದ ಓಡುವ ಕಾರುಗಳ 1981ರ ಇಂಡಿಯಾನಾಪೊಲಿಸ್ 500 ರೇಸ್‌ನಲ್ಲಿ, ಇಂಧನ ತುಂಬುವ ಪಿಟ್‌ನಲ್ಲಿದ್ದವರು ಮೈಗೆ ಬೆಂಕಿ ಹತ್ತಿ ಒದ್ದಾಡುತ್ತಿದ್ದರೂ ಸುತ್ತಲಿನವರಿಗೆ ಏನಾಗುತ್ತಿದೆ ಅಂತ ತಕ್ಷಣ ತಿಳಿಯಲಿಲ್ಲ. ನಾಳೆ ಗೋಪುರಗಳು ದೊಡ್ಡದಾಗಿ, ಮೇಲೆ 1500 ಡಿಗ್ರಿ ಕುಲುಮೆ, ಪಕ್ಕದಲ್ಲೇ ಸಿನ್‌ಗ್ಯಾಸ್ ಪೈಪು, ಕೆಳಗೆ ಮೆಥನಾಲ್ ಟ್ಯಾಂಕ್ ಇರುವ ದಿನ ಬಂದರೆ ಅಲ್ಲಿನ ಬೆಂಕಿ ಸುರಕ್ಷತೆ ಯಾರ ಫೈಲು? ಜರ್ಮನಿಯ ಯೂಲಿಶ್‌ನಲ್ಲಿ 2024ರಲ್ಲೇ ಸೌರ ಶಾಖದಿಂದ ಇಂಧನ ಮಾಡುವ ಘಟಕವೊಂದು ಉದ್ಘಾಟನೆಯಾಗಿದೆ. ಆ ದಿನ ತೀರಾ ದೂರವಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಶಕ್ತಿ ಮತ್ತು ಸುರಕ್ಷತೆ ವಿಭಾಗಗಳು ಸೇರಿ ಹೈ-ಟೆಂಪರೇಚರ್ ಕೆಮಿಸ್ಟ್ರಿಗೆ ಅಂತ ಒಂದು ಜಂಟಿ ಯೋಜನೆ ಕರೆಯಿರಿ. ಮೂರು ವರ್ಷದ ಅವಧಿ ಇದಕ್ಕೆ ಸಾಲದು. ಕುಲುಮೆ ಕಟ್ಟಿ, ಹದಕ್ಕೆ ತಂದು, ನಂಬುವಂಥ ಮೊದಲ ಅಂಕಿ ಕೊಡುವ ಹೊತ್ತಿಗೇ ಅದು ಮುಗಿದಿರುತ್ತದೆ. ಹತ್ತು ವರ್ಷ ಕೊಡಿ. ಹಣ ಜಾಸ್ತಿ ಬೇಡ, ನಿಲ್ಲದೆ ಬಂದರೆ ಸಾಕು. ಕುಲುಮೆ ನೋಡಿಕೊಳ್ಳುವ ತಂತ್ರಜ್ಞರಿಗೆ ಕಾಯಂ ಸಂಬಳ ಕೊಡಿ. ಅವರು ಬಿಟ್ಟುಹೋದರೆ ಆ ಕೈಚಳಕವನ್ನು ಯಾವ ಪಿಎಚ್‌ಡಿ ವಿದ್ಯಾರ್ಥಿಯೂ ತುಂಬಿಕೊಡಲಾರ. ನಿಮ್ಮ ಹಣದಲ್ಲಿ ಅಳೆದ ಪ್ರತಿ ಅಂಕಿಯನ್ನೂ, ಕೆಲಸಕ್ಕೆ ಬಾರದ ವಸ್ತುವಿನದನ್ನೂ ಸೇರಿಸಿ, ಯಾರು ಬೇಕಾದರೂ ನೋಡುವಂತೆ ಪ್ರಕಟಿಸಲೇಬೇಕು ಅಂತ ಷರತ್ತು ಹಾಕಿ. ಖಾಲಿ ಬಟ್ಟಲಿನ ಅಳತೆಯನ್ನೂ ಸೇರಿಸಿ, ದಯವಿಟ್ಟು. ಅದಿಲ್ಲದೆ ಉಳಿದ ಅಂಕಿಗಳನ್ನು ನಂಬುವುದು ಕಷ್ಟ.

ಇನ್ನೊಂದನ್ನು ಒತ್ತಿ ಹೇಳಬೇಕು, ಮುಪ್ಪಿನ ಪರೀಕ್ಷೆ. ಹೊಸ ಸೀರಿಯಾ ಮೊದಲ ಸುತ್ತಿನಲ್ಲಿ ಚೆನ್ನಾಗಿಯೇ ಇರುತ್ತದೆ. ನೂರಾರು ಸುತ್ತು ಕಾದು ಇಳಿದ ಮೇಲೆ ಅದರ ಕಣಗಳು ಒಂದಕ್ಕೊಂದು ಬೆಸೆದುಕೊಂಡು, ರಂಧ್ರಗಳು ಮುಚ್ಚಿ, ರಿಯಾಕ್ಷನ್ ನಿಧಾನವಾಗುತ್ತದೆ. ಉಕ್ಕಿನ ಕಂಬಕ್ಕೆ ಬಳಿದ, ಶಾಖಕ್ಕೆ ಉಬ್ಬಿ ಕಾಪಾಡುವ ಬಣ್ಣವೂ ಅಷ್ಟೇ. ಹೊಸತಿರುವಾಗ ಪಾಸಾಗುತ್ತದೆ, ವರ್ಷಗಟ್ಟಲೆ ತೇವ ಬಿಸಿಲು ಉಂಡ ಮೇಲೆ ಅದು ಮೊದಲಿನಷ್ಟೇ ಉಬ್ಬುತ್ತದಾ? ಹಳೆಯದಾದ ವಸ್ತುವನ್ನು ಪರೀಕ್ಷಿಸದ ಪ್ರಸ್ತಾವಕ್ಕೆ ಕೊನೆಯ ಕಂತು ತಡೆಹಿಡಿಯಿರಿ. ನನ್ನ ಸ್ನೇಹಿತರೇ ಬೈಯಬಹುದು, ಬೈಯಲಿ.

ಕೊನೆಗೆ ಒಂದು ಸಣ್ಣ ಕೋರಿಕೆ, ಇದಕ್ಕೆ ಖರ್ಚೂ ಇಲ್ಲ. ಮುಂದಿನ ಸಲ ಸೋಲಾರ್ ಇಂಧನದ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ಬೆಂಕಿ ಸುರಕ್ಷತೆಯ ಒಬ್ಬರನ್ನು ಕೂರಿಸಿ. ಬ್ಯಾಟರಿ ಬೆಂಕಿಯ ಸಮಿತಿಯಲ್ಲಿ ಆಕ್ಸೈಡ್‌ಗಳ ಕೆಲಸ ಬಲ್ಲ ಸೋಲಾರ್‌ನವರೊಬ್ಬರನ್ನು ಕೂರಿಸಿ. ಅರ್ಜಿಯ ನಮೂನೆಯಲ್ಲಿ "ಈ ಅಂಕಿಅಂಶ ಇನ್ಯಾರಿಗೆ ಬೇಕಾಗಬಹುದು?" ಅಂತ ಒಂದು ಸಾಲು ಸೇರಿಸಿ. ಆ ಸಾಲು ತುಂಬದೆ ಬಂದ ಅರ್ಜಿಯನ್ನು, ನಮ್ಮದೇ ಆದರೂ, ವಾಪಸ್ ಕಳಿಸಿ.

ಇತಿ ನಮಸ್ಕಾರಗಳೊಂದಿಗೆ,
ಕುಲುಮೆ ಪಕ್ಕ ಕೆಲಸ ಮಾಡುವ ಒಬ್ಬ ಕೆಮಿಸ್ಟ್